ಬಾಲವಾಡಿ ಅಕ್ಕೋರು ಬೆಳೆಯೋದು ಹೇಗೆ, ಮಕ್ಕಳ ಪರ ಕೇಳೋದು ಹೇಗೆ: ಒಂದು ನೋಟ್‌ಬುಕ್ಕಿನಿಂದ ಶುರು ಮಾಡಿ

ನಮ್ಮ ಕಡೆ ಅಂಗನವಾಡಿ ಅನ್ನೋದು ಬೋರ್ಡಿನ ಮೇಲೆ ಮಾತ್ರ. ಜನರ ಬಾಯಲ್ಲಿ ಅದು ಬಾಲವಾಡಿ. ನಾನು ಜಮಖಂಡಿ ತಾಲೂಕಿನ ಒಂದು ಹಳ್ಳಿಯಲ್ಲಿ ಹದಿನಾರು ವರ್ಷದಿಂದ ಬಾಲವಾಡಿ ಅಕ್ಕೋರು, ಅಂದರೆ ಅಂಗನವಾಡಿ ಕಾರ್ಯಕರ್ತೆ. ಮೊದಮೊದಲು ಯಾರಾದರೂ ಏನು ಕೆಲಸ ಮಾಡ್ತೀರಿ ಅಂತ ಕೇಳಿದರೆ "ಸಣ್ಣ ಹುಡುಗರನ್ನ ನೋಡ್ಕೋತೀನ್ರಿ" ಅಂತಿದ್ದೆ. ನಾನೇ ಹಾಗೆ ಹೇಳಿದ ಮೇಲೆ ಊರು ಇನ್ನೇನು ಅನ್ನಬೇಕು?

ಒಂದು ವರ್ಷ ಗ್ರಾಮಸಭೆಯಲ್ಲಿ ಎದ್ದು ನಿಂತು ಬಾಲವಾಡಿ ಮಾಳಿಗೆ ಸೋರುತ್ತದೆ ಅಂದೆ. ಎಷ್ಟು ದಿನ ಆಯಿತು ಅಂದರು. ಭಾಳ ದಿನ ಅಂದೆ. ಎಷ್ಟು ಹುಡುಗರಿಗೆ ತೊಂದರೆ ಅಂದರು. ಎಲ್ಲಾರಿಗೂ ಅಂದೆ. ಹಿಂದೆ ಕೂತಿದ್ದ ಯಾರೋ ನಕ್ಕರು, ಸಭೆ ಮುಂದಿನ ವಿಷಯಕ್ಕೆ ಹೋಯಿತು. ಮನೆಗೆ ಬಂದು ಕೂತು ಯೋಚಿಸಿದೆ. ನನ್ನ ಕೈಯಲ್ಲಿ ಒಂದು ಅಂಕಿ ಇರಲಿಲ್ಲ, ಒಂದು ತಾರೀಖು ಇರಲಿಲ್ಲ. ಕೆಲಸ ಮಾಡಿದ್ದೆ, ಆದರೆ ಏನು ನೋಡಿದೆ ಅಂತ ಎಲ್ಲೂ ಬರೆದಿಟ್ಟಿರಲಿಲ್ಲ.

ಆಮೇಲೆ ಒಂದೊಂದಾಗಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಕಾರ್ಯಕರ್ತೆಯರು, ಸಹಾಯಕಿಯರು, ಸರ್ಕಾರಿ ಶಾಲೆಯ ಎಲ್‌ಕೆಜಿ ಯುಕೆಜಿ ಟೀಚರು, ಸಣ್ಣ ಊರಿನ ನರ್ಸರಿ ಟೀಚರು, ಎಲ್ಲರಿಗೂ ಇದು ಆಗಿಬರುತ್ತದೆ. ತರಬೇತಿ ಬೇರೆ, ಬೇಡಿಕೆ ಬೇರೆ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ನನ್ನ ಮಟ್ಟಿಗೆ ಎರಡೂ ಒಂದೇ ನೋಟ್‌ಬುಕ್ಕಿನ ಎರಡು ಮಗ್ಗಲು.

ಹೆಜ್ಜೆ 1: ದಿನಕ್ಕೆ ಮೂರು ಮಕ್ಕಳು, ಮೂರು ಸಾಲು

ರಿಜಿಸ್ಟರ್ ಬೇರೆ, ಇದು ಬೇರೆ. ರಿಜಿಸ್ಟರ್ ಇಲಾಖೆಗೆ, ಪೋಷಣ್ ಟ್ರ್ಯಾಕರ್ ಆ್ಯಪ್ ದಿಲ್ಲಿಗೆ. ನಾನು ಹೇಳುತ್ತಿರೋದು ನಿಮ್ಮ ಸ್ವಂತದ 200 ಪುಟದ ನೋಟ್‌ಬುಕ್ಕು. ಅದನ್ನು ಯಾರೂ ಕೇಳಲ್ಲ, ಯಾರೂ ತಪಾಸಣೆ ಮಾಡಲ್ಲ. ಅದಕ್ಕೇ ಅದರಲ್ಲಿ ನಿಜ ಬರೆಯಬಹುದು.

ದಿನಕ್ಕೆ ಮೂರೇ ಮಕ್ಕಳನ್ನು ಆರಿಸಿಕೊಳ್ಳಿ. ಇಪ್ಪತ್ತನಾಲ್ಕು ಮಕ್ಕಳಿದ್ದರೆ ಎಂಟು ದಿನಕ್ಕೆ ಒಂದು ಸುತ್ತು ಮುಗಿಯುತ್ತದೆ. ಒಂದೊಂದು ಮಗುವಿಗೆ ಒಂದೊಂದು ಸಾಲು ಸಾಕು, ಆದರೆ ಆ ಸಾಲಿನಲ್ಲಿ ಕಣ್ಣಿಗೆ ಕಂಡದ್ದು ಇರಬೇಕು, ನಿಮ್ಮ ತೀರ್ಪು ಬೇಡ. "ಹುಡುಗಿ ಶಾಣ್ಯಾ ಅದಾಳ" ಅಂತ ಬರೆದರೆ ಆರು ತಿಂಗಳ ಮೇಲೆ ಅದರಿಂದ ಏನೂ ಗೊತ್ತಾಗಲ್ಲ. "ಗಜ್ಜುಗ ಎಣಿಸುವಾಗ ಆರು ಆದ ಮೇಲೆ ಎಂಟಕ್ಕೆ ಹಾರಿದಳು, ಕೈ ಹಿಡಿದು ಎಣಿಸಿದರೆ ಹತ್ತರವರೆಗೆ ಸರಿ" ಅಂತ ಬರೆಯಿರಿ. ನಾಳೆ ಏನು ಮಾಡಬೇಕು ಅಂತ ಆ ಸಾಲೇ ಹೇಳುತ್ತದೆ.

ಏನು ನೋಡಬೇಕು ಅನ್ನೋದಕ್ಕೆ ಐದು ಬೆರಳು ನೆನಪಿಟ್ಟುಕೊಳ್ಳಿ: ಮೈ, ಮಾತು, ಬುದ್ಧಿ, ಮನಸ್ಸು, ಕಲೆ. ಓಡೋದು, ಹಿಡಿಯೋದು ಮೈಗೆ ಬಂತು. ಯಾರ ಜೊತೆ ಆಡುತ್ತಾನೆ, ಸೋತರೆ ಏನು ಮಾಡುತ್ತಾನೆ ಅನ್ನೋದು ಮನಸ್ಸಿಗೆ ಬಂತು. ಹೆಸರು ಏನೇ ಇಟ್ಟರೂ ಎಲ್ಲ ಪಠ್ಯಕ್ರಮಗಳೂ ಈ ಐದರ ಸುತ್ತಲೇ ತಿರುಗುತ್ತವೆ.

ಒಂದು ಉದಾಹರಣೆ ಕೊಡುತ್ತೇನೆ. ನಮ್ಮದು ಕಬ್ಬಿನ ಸೀಮೆ. ದೀಪಾವಳಿ ಮುಗಿದರೆ ಕಬ್ಬು ಕಡಿಯೋ ಗ್ಯಾಂಗುಗಳು ಬರುತ್ತವೆ, ಕೆಲವು ಮಹಾರಾಷ್ಟ್ರದ ಕಡೆಯಿಂದ, ಕೆಲವು ವಿಜಯಪುರದ ಕಡೆಯ ಲಂಬಾಣಿ ತಾಂಡಾಗಳಿಂದ. ಹಾಗೆ ಬಂದ ನಾಲ್ಕು ವರ್ಷದ ಒಬ್ಬ ಹುಡುಗ ಮೂರು ವಾರ ಒಂದು ಮಾತೂ ಆಡಲಿಲ್ಲ. ಎಲ್ಲರೂ ಮೂಗ ಅಂದರು. ನನಗೂ ಹಾಗೇ ಅನಿಸಿತ್ತು. ನೋಟ್‌ಬುಕ್ ತಿರುವಿ ನೋಡಿದಾಗ ಒಂದು ಸಾಲು ಸಿಕ್ಕಿತು, "ಮರಳಿನಲ್ಲಿ ಕೂತಾಗ ತಂಗಿ ಜೊತೆ ಪಿಸುಪಿಸು" ಅಂತ. ಅವನಿಗೆ ಮಾತು ಇತ್ತು, ಆ ಮಾತಿಗೆ ನಮ್ಮಲ್ಲಿ ಜಾಗ ಇರಲಿಲ್ಲ. ಅವನ ಅಜ್ಜಿಯನ್ನು ಕರೆದು ಹತ್ತು ಲಂಬಾಣಿ ಶಬ್ದ ಕಲಿತೆ. ಅವ್ವನಿಗೆ ಯಾಡಿ, ರೊಟ್ಟಿಗೆ ಬಾಟಿ, ನೀರಿಗೆ ಪಾಣಿ. ಊಟಕ್ಕೆ ಕೂತಾಗ "ಪಾಣಿ ಬೇಕಾ?" ಅಂದೆ. ಅವನು ನನ್ನ ಮುಖ ನೋಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ಮಾತಾಡಲು ಇನ್ನೂ ನಾಲ್ಕು ದಿನ ಹಿಡಿಯಿತು ಬಿಡಿ.

ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಯ ಅಕ್ಕೋರಿಗೆ ಇದನ್ನು ಹೇಳಬೇಕಾಗಿಲ್ಲ. ಒಂದೇ ಕೋಣೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಇರುತ್ತವೆ. ಅಲ್ಲಿ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪ್ರತಿ ಮಗುವಿನ ಮನೆಮಾತು, ಮತ್ತೆ ಆ ಭಾಷೆಯ ಹದಿನೈದು ಶಬ್ದ ಬರೆದಿಡಿ. ಹಸಿವು, ನೋವು, ಸಂಡಾಸ, ಭಯ, ಇವು ಮೊದಲು ಬರಲಿ. ಬಣ್ಣದ ಹೆಸರು ಆಮೇಲೆ ಕಲಿತರಾಯಿತು.

ನೋಟ್‌ಬುಕ್ಕಿನಲ್ಲಿ ಬರೆದು ಕಾಯಬಾರದ ವಿಷಯವೂ ಇದೆ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ ನೋಡುವ ಪಟ್ಟಿ 11.5 ಸೆಂಟಿಮೀಟರ್‌ಗಿಂತ ಕಡಿಮೆ ತೋರಿಸಿದರೆ ಅದು ತೀವ್ರ ಅಪೌಷ್ಟಿಕತೆ. ಅವತ್ತೇ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಅವರು ನೋಡಿ ಬೇಕು ಅಂದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸುವ ವ್ಯವಸ್ಥೆ ಮಾಡಿ.

ಹೆಜ್ಜೆ 2: ಪಠ್ಯಕ್ರಮ ಓದಿ, ಆಮೇಲೆ ನಮ್ಮ ಪಂಚಾಂಗಕ್ಕೆ ಕಟ್ಟಿ

ಕರ್ನಾಟಕದಲ್ಲಿ ನಮಗೆ ಚಿಲಿಪಿಲಿ ಅನ್ನೋ ಪಠ್ಯಕ್ರಮ ಇದೆ. 2024ರಲ್ಲಿ ಕೇಂದ್ರದಿಂದ ಎರಡು ಹೊಸವು ಬಂದವು: 3ರಿಂದ 6 ವರ್ಷದವರಿಗೆ ಆಧಾರಶಿಲಾ, ಹುಟ್ಟಿದ ಕೂಸಿನಿಂದ 3 ವರ್ಷದವರೆಗೆ ನವಚೇತನಾ. ಆಧಾರಶಿಲಾದಲ್ಲಿ 48 ವಾರದ ಯೋಜನೆ ಇದೆ. 2023ರ ಮೇ ತಿಂಗಳಲ್ಲಿ ಶುರುವಾದ 'ಪೋಷಣ್ ಭೀ ಪಢಾಯೀ ಭೀ' ತರಬೇತಿಯಲ್ಲಿ ಇದನ್ನೇ ಹೇಳಿಕೊಡುತ್ತಾರೆ. ತರಬೇತಿಗೆ ಹೋದಾಗ ಊಟದ ವೇಳೆಗೆ ಎದ್ದು ಬರಬೇಡಿ (ನಾನು ಒಮ್ಮೆ ಬಂದಿದ್ದೇನೆ, ಬಸ್ಸು ತಪ್ಪುತ್ತದೆ ಅಂತ). ಮಧ್ಯಾಹ್ನದ ಮೇಲೆ ಕೈಯಾರೆ ಮಾಡಿಸುವ ಚಟುವಟಿಕೆಗಳೇ ನಮಗೆ ನಿಜವಾಗಿ ಬೇಕಾದವು.

ಪುಸ್ತಕದಲ್ಲಿ ಇರೋದನ್ನು ಹಾಗೇ ಮಾಡಲು ಹೋದರೆ ಮಕ್ಕಳಿಗೂ ಬೇಜಾರು, ನಮಗೂ ಬೇಜಾರು. ನಮ್ಮ ವರ್ಷಕ್ಕೆ ಆಗಲೇ ಒಂದು ಪಠ್ಯಕ್ರಮ ಇದೆ, ಅಲ್ವಾ? ಕಾರ ಹುಣ್ಣಿಮೆ ಆದಮೇಲೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಎರಿ ಮಣ್ಣು ಕಲಸಿ ಎತ್ತು ಮಾಡಿಸಿ. ಮಣ್ಣು ಹಿಸುಕಿದ ಬೆರಳಿಗೆ ಮುಂದೆ ಪೆನ್ಸಿಲ್ ಹಿಡಿಯುವ ಶಕ್ತಿ ಬರುತ್ತದೆ. ಅಆಇಈ ಬರೆಸಿ ಬರೆಸಿ ಕೈ ನೋಯಿಸೋದಕ್ಕಿಂತ ಇದು ಎಷ್ಟೋ ಮೇಲು. ಆಷಾಢದ ಮಂಗಳವಾರ ಮಣ್ಣಿನ ಗುಳ್ಳವ್ವನನ್ನು ಮಾಡಿಸಿ. ಪಂಚಮಿಗೆ ಜೋಕಾಲಿ, ಮೈ ತೂಕ ಹಿಡಿಯೋದು ಅಲ್ಲೇ ಕಲಿಯುತ್ತಾರೆ. ಜೋಕುಮಾರ ಬಂದಾಗ ಹಾಡು, ಮೊಹರಂಗೆ ಹಲಗೆಯ ಪೆಟ್ಟಿಗೆ ಹೆಜ್ಜೆ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಎಡೆ ಚೆಲ್ಲುವ ಚರಗಕ್ಕೆ ಮುಂಚೆ ಜೋಳ, ಕಡಲೆ, ಗೋಧಿ, ಅಲಸಂದಿ ಕಲಸಿ ಕೊಟ್ಟು ಬೇರೆ ಮಾಡಿಸಿ, ಅದೇ ವಿಂಗಡಣೆಯ ಪಾಠ. ಜೋಳದ ದಂಟಿನಿಂದ ಬಂಡಿ ಮಾಡೋದು ಊರಿನ ಯಾವ ಅಜ್ಜನಿಗೆ ಬರಲ್ಲ? ಕರೆಯಿರಿ. ಒಂದು ರೂಪಾಯಿ ಖರ್ಚಿಲ್ಲ. ಮೇಲಾಗಿ ಆ ಅಜ್ಜ ಸಂಜೆ ಕಟ್ಟೆಯ ಮೇಲೆ ಕೂತು ಬಾಲವಾಡಿಯಲ್ಲಿ ಏನು ನಡೆಯುತ್ತದೆ ಅಂತ ನಾಲ್ಕು ಜನರಿಗೆ ಹೇಳುತ್ತಾನೆ. ಈ ಅಜ್ಜ ಮುಂದೆ ಗ್ರಾಮಸಭೆಯಲ್ಲಿ ಕೆಲಸಕ್ಕೆ ಬರುತ್ತಾನೆ, ನೆನಪಿಡಿ.

ಮಕ್ಕಳ ಶಾಲೆಯನ್ನು ಜನರ ಅಂಗಳಕ್ಕೆ ಒಯ್ಯೋದು ಹೊಸ ವಿಚಾರ ಅಲ್ಲ. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ತಾರಾಬಾಯಿ ಮೋಡಕ್ 1945ರ ಸುಮಾರಿಗೆ ಬೋರ್ಡಿ ಎಂಬ ಹಳ್ಳಿಯಲ್ಲಿ ಬಡವರ ಮಕ್ಕಳಿಗಾಗಿ ಬಾಲವಾಡಿ ಶುರು ಮಾಡಿದ್ದರು. ಹಳ್ಳಿಯಲ್ಲಿ ಸಿಗುವ ಕಲ್ಲು, ಎಲೆ, ಕವಡೆಗಳೇ ಅವರ ಕಲಿಕೆಯ ಸಾಮಾನು. ಅಂಗನವಾಡಿ ನಡೆಸುವ ಸರ್ಕಾರದ ಯೋಜನೆ, ಐಸಿಡಿಎಸ್, ಬಂದದ್ದು 1975ರ ಅಕ್ಟೋಬರ್ 2ರಂದು, ನಮ್ಮ ರಾಜ್ಯದಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ. ಇವತ್ತು ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ.

ಹೆಜ್ಜೆ 3: ಓದು ಮುಂದುವರಿಸಿ, ಆದರೆ ಕೇಳಿಕೊಂಡು ದುಡ್ಡು ಕಟ್ಟಿ

ಈಗ ಕಾರ್ಯಕರ್ತೆ ಆಗಲು ಪಿಯುಸಿ ಬೇಕು, ಸಹಾಯಕಿಗೆ ಎಸ್‌ಎಸ್‌ಎಲ್‌ಸಿ. ನಮ್ಮಲ್ಲಿ ಹಳೆಯವರು ಎಷ್ಟೋ ಜನ ಹತ್ತನೇತ್ತೆಯಲ್ಲಿ ನಿಂತವರು. 2022ರಲ್ಲಿ ಕೇಂದ್ರ ಹೊರಡಿಸಿದ ಸಕ್ಷಮ ಅಂಗನವಾಡಿ ಮತ್ತು ಪೋಷಣ್ 2.0 ಮಾರ್ಗಸೂಚಿಯಲ್ಲಿ ಒಂದು ಮಾತಿದೆ: ಕಾರ್ಯಕರ್ತೆಯರ ಹುದ್ದೆಯಲ್ಲಿ 50%ನ್ನು ಐದು ವರ್ಷ ಕೆಲಸ ಮಾಡಿದ ಸಹಾಯಕಿಯರಿಂದ, ಮೇಲ್ವಿಚಾರಕಿಯರ ಹುದ್ದೆಯಲ್ಲಿ 50%ನ್ನು ಐದು ವರ್ಷ ಕೆಲಸ ಮಾಡಿದ ಕಾರ್ಯಕರ್ತೆಯರಿಂದ ತುಂಬಬೇಕು, ಬೇಕಾದ ವಿದ್ಯಾರ್ಹತೆ ಇದ್ದರೆ. ಕೊನೆಯ ಆ ಮೂರು ಶಬ್ದದಲ್ಲೇ ನಮ್ಮ ಜನ ಸಿಕ್ಕಿಬೀಳೋದು. ಆದ್ದರಿಂದ ನಿಮ್ಮ ಸಹಾಯಕಿ ಪಿಯುಸಿ ಮಾಡಿಲ್ಲ ಅಂದರೆ ಈ ವರ್ಷವೇ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂರಿಸಿ. ಮಕ್ಕಳು ಮಲಗಿದಾಗ ಅರ್ಧ ತಾಸು ಓದಲಿ, ನೀವು ಹೇಳಿಕೊಡಿ. ಅವಳು ಹೋದರೆ ಪಾತ್ರೆ ತೊಳೆಯೋರು ಯಾರು ಅಂತ ಯೋಚಿಸುವ ಅಕ್ಕೋರೂ ಇದ್ದಾರೆ, ನನಗೆ ಗೊತ್ತು.

ಪಿಯುಸಿ ಆದವರಿಗೆ ಇಗ್ನೋ, ಅಂದರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಶಿಶು ಆರೈಕೆ ಮತ್ತು ಶಿಕ್ಷಣ ಡಿಪ್ಲೊಮಾ ಇದೆ, ಕಡಿಮೆ ಅಂದರೆ ಒಂದು ವರ್ಷದ್ದು. ಇಗ್ನೋಗೆ ವಿಜಯಪುರದಲ್ಲೇ ಪ್ರಾದೇಶಿಕ ಕೇಂದ್ರ ಇದೆ, ಬೆಂಗಳೂರಿಗೆ ಅಲೆಯಬೇಕಿಲ್ಲ. ದುಡ್ಡು ಕಟ್ಟುವ ಮುಂಚೆ ಎರಡು ಪ್ರಶ್ನೆ ಕೇಳಿ: ಪುಸ್ತಕ, ಪರೀಕ್ಷೆ ಯಾವ ಭಾಷೆಯಲ್ಲಿ? ಪ್ರಾಯೋಗಿಕ ಕೆಲಸವನ್ನು ನನ್ನದೇ ಕೇಂದ್ರದಲ್ಲಿ ಮಾಡಬಹುದಾ? ಪದವಿ, ಮೇಲಿನ ಓದಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇದೆ, 2003ರಿಂದ. ಬಾಗಲಕೋಟೆ ಜಿಲ್ಲೆಯವರು ಇಳಕಲ್‌ನ ಡಯಟ್‌ಗೆ, ಅಂದರೆ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆಗೆ, ಒಮ್ಮೆ ಹೋಗಿ ಬನ್ನಿ. ಸೀರೆ ನೋಡಲು ಹೋದವರು ಅಲ್ಲಿಗೂ ಒಂದು ಸುತ್ತು ಹಾಕಿ. ಅದು ಶಾಲಾ ಟೀಚರ ಸಂಸ್ಥೆ ನಿಜ, ಆದರೆ 2020ರ ಶಿಕ್ಷಣ ನೀತಿ 3ರಿಂದ 8 ವರ್ಷವನ್ನು ಒಂದೇ ಬುನಾದಿ ಹಂತ ಅಂದಿದೆ. ಹಾಗಾಗಿ ನಮ್ಮ ಐದು ವರ್ಷದ ಮಗುವೂ ಅವರ ಎರಡನೇತ್ತೆ ಮಗುವೂ ಒಂದೇ ಏಣಿಯ ಮೆಟ್ಟಿಲು. ಗ್ರಂಥಾಲಯ ನೋಡಬಹುದಾ ಅಂತ ಕೇಳಿ. ಇಲ್ಲ ಅಂದರೆ ಹೋಗಲಿ, ಕೇಳಿದ್ದಕ್ಕೆ ಏನೂ ಕಳಕೊಳ್ಳಲ್ಲ.

ಇನ್ನು ಆರು ವಾರದಲ್ಲಿ ಮಾಂಟೆಸ್ಸರಿ ಸರ್ಟಿಫಿಕೇಟ್ ಕೊಡುತ್ತೇವೆ ಅಂತ ಮೊಬೈಲಿಗೆ ಬರುತ್ತದಲ್ಲ, ಅದರಿಂದ ದೂರ ಇರಿ. ನಾನು ಒಂದಕ್ಕೆ ಮೂರು ಸಾವಿರ ಕಳೆದಿದ್ದೇನೆ. ಸರ್ಟಿಫಿಕೇಟ್ ಚೆಂದ ಇದೆ, ಬಂಗಾರದ ಅಂಚು. ಅದಕ್ಕೆ ಎಲ್ಲೂ ಬೆಲೆ ಇಲ್ಲ.

ಹೆಜ್ಜೆ 4: ಸರ್ಕಲ್ ಸಭೆಯಲ್ಲಿ ಹದಿನೈದು ನಿಮಿಷ ಕದಿಯಿರಿ

ಒಬ್ಬ ಮೇಲ್ವಿಚಾರಕಿಯ ಕೆಳಗಿನ ಕೇಂದ್ರಗಳೆಲ್ಲ ಸೇರುವ ತಿಂಗಳ ಸಭೆ ಅಂದರೆ ಗೊತ್ತಲ್ಲ, ಆ್ಯಪಿನಲ್ಲಿ ಯಾರದು ಬಾಕಿ, ಯಾರ ಮುಖ ಗುರುತು ಹೊಂದಲಿಲ್ಲ, ಅದೇ ಮುಗಿಯಲ್ಲ. ಊಟದ ಡಬ್ಬಿ ಬಿಚ್ಚಿದಾಗ ನಾಲ್ಕು ಜನ ಒಟ್ಟಿಗೆ ಕೂತು ನೋಟ್‌ಬುಕ್ಕಿನಿಂದ ಒಂದೊಂದು ಸಾಲು ಓದಿ. ಮಿಕ್ಕವರು "ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ" ಅಂತ ಹೇಳಲಿ. ಅಷ್ಟೇ. ಮಗುವಿನ ಹೆಸರು ಹೇಳಬೇಡಿ, ಮನೆಯ ಗುಟ್ಟು ಬೇಡವೇ ಬೇಡ. ಮೊದಲ ತಿಂಗಳು ನನ್ನ ಜೊತೆ ಕೂತವಳು ಒಬ್ಬಳೇ.

ಹೆಜ್ಜೆ 5: ತಾಯಂದಿರನ್ನು ಜೊತೆ ಮಾಡಿಕೊಳ್ಳಿ

ಪಕ್ಕದ ಊರಿಗೆ ಇಂಗ್ಲಿಷ್ ಮೀಡಿಯಂ ವ್ಯಾನು ಬಂದಾಗಿಂದ ನಮ್ಮ ಮಕ್ಕಳ ಸಂಖ್ಯೆ ಕಡಿಮೆ ಆಗುತ್ತಿದೆ. ಟೈ ಕಟ್ಟಿ, ಬೂಟು ಹಾಕಿ, ಮೂರು ವರ್ಷದ ಕೂಸು ವ್ಯಾನಿನಲ್ಲಿ ನಿದ್ದೆ ಹೋಗುತ್ತಿರುತ್ತದೆ. ತಾಯಿಯನ್ನು ಬೈದು ಪ್ರಯೋಜನ ಇಲ್ಲ. ಅವಳಿಗೆ ಬೇಕಾದ್ದು ತನ್ನ ಮಗು ಏನು ಕಲಿಯಿತು ಅನ್ನೋದರ ಸಾಕ್ಷಿ. ನಾವು ಅದನ್ನು ಯಾವತ್ತೂ ತೋರಿಸಿಲ್ಲ.

ಮಿದುಳಿನ ಬೆಳವಣಿಗೆಯಲ್ಲಿ 85%ಕ್ಕಿಂತ ಜಾಸ್ತಿ ಆರು ವರ್ಷದೊಳಗೇ ಆಗುತ್ತದೆ ಅಂತ 2020ರ ಶಿಕ್ಷಣ ನೀತಿಯಲ್ಲೇ ಬರೆದಿದೆ. ಇದನ್ನು ನಾನು ತಾಯಂದಿರ ಸಭೆಯಲ್ಲಿ ಹೇಳಿದೆ. ಹೂಂ ಅಂದರು, ಆಕಳಿಸಿದರು. ಮುಂದಿನ ತಿಂಗಳು ಬೇರೆ ಥರ ಮಾಡಿದೆ. ಒಬ್ಬೊಬ್ಬ ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಅವಳ ಮಗುವಿನ ಮೂರು ತಿಂಗಳ ಸಾಲುಗಳನ್ನು ಓದಿ ಹೇಳಿದೆ. "ಜೂನ್‌ನಾಗ ನಿನ್ನ ಮಗಳು ಬ್ಯಾರೆ ಹುಡುಗರನ್ನ ತಳ್ಳತಿದ್ಲು. ಆಗಸ್ಟ್‌ನಾಗ ತನ್ನ ಪಾಳಿ ಬರೂಮಟ ನಿಂತಳ." ಆ ತಾಯಿ ತಲೆ ಮೇಲಿನ ಸೆರಗು ಸರಿ ಮಾಡಿಕೊಂಡು ಇನ್ನೊಮ್ಮೆ ಓದ್ರಿ ಅಂದಳು. ಅವಳ ಮಗಳ ಬಗ್ಗೆ ಹಾಗೆ ಯಾರೂ ಬರೆದಿರಲಿಲ್ಲ.

ಇದಕ್ಕೆ ತಿಂಗಳಿಗೆ ಒಂದು ದಿನ ಇಡಿ, ಹೇಗೂ ತಾಯಂದಿರನ್ನು ಕರೆಯುವ ದಿನ ಇದ್ದೇ ಇರುತ್ತದೆ. ನೇಕಾರರ ಊರಾದರೆ, ಅಂದರೆ ಬನಹಟ್ಟಿ, ರಬಕವಿ, ಗುಳೇದಗುಡ್ಡ ಕಡೆ, ವಿದ್ಯುತ್ ಇಲ್ಲದ ಹೊತ್ತು ನೋಡಿ ಕರೆಯಿರಿ. ಮಗ್ಗ ನಿಂತಾಗ ಮಾತ್ರ ಜನ ಬರುತ್ತಾರೆ. ಹೊಲದ ಕೆಲಸದ ಊರಾದರೆ ಅಮಾವಾಸ್ಯೆ ದಿನ ಒಳ್ಳೆಯದು, ಅವತ್ತು ಎತ್ತಿಗೂ ರಜೆ. ಇನ್ನೊಂದು ಮಾತು, ಮಕ್ಕಳ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವ ಚಟ ಬಿಡಿ. ತಾಯಿಯನ್ನು ಕೇಳದೆ ಹಾಕಬಾರದು. ತೂಕ ಕಡಿಮೆ ಇರುವ ಮಗುವಿನದಂತೂ ಕೇಳಿದರೂ ಹಾಕಬಾರದು.

ಹೆಜ್ಜೆ 6: ಪಂಚಾಯ್ತಿಗೆ ಹೋಗುವ ಮುಂಚೆ

ಇದು ಎಲ್ಲಕ್ಕಿಂತ ಮುಖ್ಯ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ವೇಳೆ. ಪಂಚಾಯ್ತಿಯ ಮುಂದಿನ ವರ್ಷದ ಯೋಜನೆ ಮಾಡುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ಕ್ಕೆ ಶುರುವಾಗಿ ಜನವರಿ ಕೊನೆಯವರೆಗೆ ನಡೆಯುತ್ತದೆ. ನಿಮ್ಮ ಬೇಡಿಕೆ ಆ ಕ್ರಿಯಾಯೋಜನೆಯಲ್ಲಿ ಸೇರದಿದ್ದರೆ ಮೇ ತಿಂಗಳಲ್ಲಿ ಹೋಗಿ ಅತ್ತರೂ ದುಡ್ಡು ಎಲ್ಲಿಂದ ತರುತ್ತಾರೆ? ನಾವು ಮಾಡುವ ದೊಡ್ಡ ತಪ್ಪು ಇದೇ. ಮಳೆ ಬಂದಾಗ ಮಾಳಿಗೆ ನೆನಪಾಗುತ್ತದೆ, ಆಗ ಯೋಜನೆ ಮುಗಿದಿರುತ್ತದೆ.

ಎರಡನೇದು, ಮೊದಲು ವಾರ್ಡ್ ಸಭೆ. ಗ್ರಾಮಸಭೆಗಿಂತ ಮುಂಚೆ ವಾರ್ಡ್ ಸಭೆ ನಡೆಯಬೇಕು, ಅಲ್ಲಿ ಬರೆದುಕೊಂಡದ್ದೇ ಗ್ರಾಮಸಭೆಗೆ ಬರುತ್ತದೆ. ಗ್ರಾಮಸಭೆಯಲ್ಲಿ ಇನ್ನೂರು ಜನ, ಮೈಕು, ಜಗಳ. ವಾರ್ಡ್ ಸಭೆಯಲ್ಲಿ ನಿಮ್ಮ ಓಣಿಯವರೇ ಇಪ್ಪತ್ತು ಜನ. ಅಲ್ಲಿ ಮಾತಾಡೋದು ಸುಲಭ.

ಮೂರನೇದು, ಅರ್ಜಿ ನಿಮ್ಮ ಒಬ್ಬರ ಹೆಸರಲ್ಲಿ ಬೇಡ. ನಾವು ಗೌರವಧನದವರು, ನಾಳೆ ಯಾರಾದರೂ ಕಣ್ಣು ಕೆಂಪು ಮಾಡಿದರೆ ಕಷ್ಟ. ಪ್ರತಿ ಕೇಂದ್ರಕ್ಕೂ ಬಾಲವಿಕಾಸ ಸಮಿತಿ ಇದೆ, ತಾಯಂದಿರು ಅದರಲ್ಲಿದ್ದಾರೆ. ಹೆಚ್ಚಿನ ಕಡೆ ಅದು ಸಹಿ ಹಾಕಲು ಮಾತ್ರ ಇರುತ್ತದೆ. ಅದಕ್ಕೆ ಜೀವ ಕೊಡಿ. ಅರ್ಜಿ ಸಮಿತಿಯದು, ಸಹಿ ತಾಯಂದಿರದು, ಅಂಕಿ ನಿಮ್ಮ ನೋಟ್‌ಬುಕ್ಕಿನದು.

ನಾವು ಎರಡನೇ ಸಲ ಕೊಟ್ಟ ಅರ್ಜಿ ಹೆಚ್ಚು ಕಡಿಮೆ ಹೀಗಿತ್ತು:

"ಗ್ರಾಮ ಪಂಚಾಯ್ತಿ ಅಧ್ಯಕ್ಷರಿಗೆ ಮತ್ತು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳಿಗೆ. ನಮ್ಮ ಅಂಗನವಾಡಿಯಲ್ಲಿ 26 ಮಕ್ಕಳಿದ್ದಾರೆ. ಈ ಮಳೆಗಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 19 ದಿನ ಮಾಳಿಗೆ ಸೋರಿದ ಕಾರಣ ಮಕ್ಕಳನ್ನು ಅಡುಗೆ ಕೋಣೆಯಲ್ಲಿ ಒಲೆಯ ಪಕ್ಕ ಕೂರಿಸಬೇಕಾಯಿತು. ಆ ದಿನಗಳ ತಾರೀಖು ಹಿಂದಿನ ಪುಟದಲ್ಲಿದೆ. ಮಾಳಿಗೆ ದುರಸ್ತಿಯನ್ನು ಮುಂದಿನ ವರ್ಷದ ಕ್ರಿಯಾಯೋಜನೆಯಲ್ಲಿ ಸೇರಿಸಿ, ಸೇರಿಸಿದ ಠರಾವಿನ ನಕಲು ನಮಗೆ ಕೊಡಬೇಕು."

ಇಷ್ಟೇ. ಒಂದು ಅರ್ಜಿಗೆ ಒಂದೇ ಬೇಡಿಕೆ. ಮಾಳಿಗೆ, ನೀರು, ಶೌಚಾಲಯ, ಕಾಂಪೌಂಡು ಎಲ್ಲ ಒಂದರಲ್ಲೇ ತುರುಕಿದರೆ ಎಲ್ಲಕ್ಕಿಂತ ಅಗ್ಗದ್ದನ್ನು ಮಾಡಿ ಅರ್ಜಿ ಮುಗಿಯಿತು ಅನ್ನುತ್ತಾರೆ. ಎರಡು ಪ್ರತಿ ಒಯ್ಯಿರಿ, ಒಂದರ ಮೇಲೆ ಸ್ವೀಕೃತಿ ಮುದ್ರೆ, ತಾರೀಖು ಹಾಕಿಸಿಕೊಳ್ಳಿ. ಮುದ್ರೆ ಇಲ್ಲದ ಅರ್ಜಿ ಗಾಳಿಯಲ್ಲಿ ಬರೆದ ಹಾಗೆ. ಮುದ್ರೆ ಹಾಕಲ್ಲ ಅಂದರೆ ವಾದ ಮಾಡಬೇಡಿ, ಅಂಚೆ ಕಚೇರಿಗೆ ಹೋಗಿ ರಸೀದಿ ಸಿಗುವ ಹಾಗೆ ಕಳಿಸಿ.

ಮಕ್ಕಳ ಗ್ರಾಮಸಭೆಯನ್ನೂ ಬಿಡಬೇಡಿ. ವರ್ಷಕ್ಕೊಮ್ಮೆ ನಡೆಯುತ್ತದೆ, ಶಾಲೆಯ ಮಕ್ಕಳು ಮಾತಾಡುತ್ತಾರೆ. ಮೂರು ವರ್ಷದವರು ಅಲ್ಲಿ ಮಾತಾಡಲಾರರು, ಆದರೆ ಅವರ ಅಕ್ಕಂದಿರು ನಾಲ್ಕನೇತ್ತೆಯಲ್ಲಿ ಇರುತ್ತಾರಲ್ಲ. ನಮ್ಮಲ್ಲಿ ಒಬ್ಬ ಹುಡುಗಿ ಎದ್ದು "ನನ್ನ ತಮ್ಮ ಬಾಲವಾಡಿಯಿಂದ ದಿನಾ ತೊಯ್ಸಿಕೊಂಡು ಬರ್ತಾನ್ರಿ, ಹೊರಗ ಮಳಿ ಇರಲಿಲ್ಲಂದ್ರೂ" ಅಂದಳು. ಆ ಸಲ ಯಾರೂ ನಗಲಿಲ್ಲ. ನಾನು ಹೇಳಿಕೊಟ್ಟದ್ದಲ್ಲ, ದೇವರಾಣೆ. ಹೇಳಿಕೊಡಲೂಬಾರದು, ಮಕ್ಕಳ ಬಾಯಲ್ಲಿ ನಮ್ಮ ಮಾತು ಇಟ್ಟರೆ ಕೇಳಿದವರಿಗೆ ತಕ್ಷಣ ಗೊತ್ತಾಗುತ್ತದೆ.

ಕಬ್ಬಿನ ಗ್ಯಾಂಗಿನ ಮಕ್ಕಳ ವಿಷಯಕ್ಕೂ ಇದೇ ದಾರಿ. ಹೊಲದ ಬದುವಿನಲ್ಲಿ ಗುಡಿಸಲು ಹಾಕಿಕೊಂಡಿರುತ್ತಾರೆ. ಒಂದು ಭಾನುವಾರ ನಾನು, ಸಹಾಯಕಿ ಹೋಗಿ ಎಣಿಸಿದೆವು, ಆರು ವರ್ಷದೊಳಗಿನವರು 14 ಮಕ್ಕಳು. ಪೋಷಣ್ ಟ್ರ್ಯಾಕರ್‌ನಲ್ಲಿ ಬೇರೆ ಊರಿನಿಂದ ಬಂದವರನ್ನು ಸೇರಿಸಿಕೊಳ್ಳುವ ದಾರಿ ಇದೆ. ಅವರ ಊರಿನ ಕೇಂದ್ರದಲ್ಲಿ ಹೆಸರು ಇದ್ದರೆ ಇಲ್ಲಿಗೆ ವರ್ಗ ಮಾಡಿಸಬಹುದು. ಆಧಾರ್ ಇಲ್ಲ, ಫೋನು ಇಲ್ಲ, ಮುಖ ಗುರುತು ಹೊಂದಲ್ಲ, ಎಲ್ಲ ತಾಪತ್ರಯ ಇದೆ, ಸುಳ್ಳಲ್ಲ. ಆದರೂ ಎಣಿಕೆ ಮಾಡಿ ಮೇಲ್ವಿಚಾರಕಿಗೆ ಬರೆದುಕೊಡಿ. ಕೆಲವು ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ಶಿಶುಪಾಲನಾ ಕೇಂದ್ರಗಳಿವೆ. ನಿಮ್ಮಲ್ಲಿ ಇದೆಯಾ, ಬಾಗಿಲು ತೆರೆದಿದೆಯಾ ನೋಡಿ.

ಹೆಜ್ಜೆ 7: ಅರ್ಜಿ ಅಲ್ಲೇ ಕೂತರೆ

ಎರಡು ತಿಂಗಳು ಕಾಯಿರಿ. ಆಮೇಲೆ ಮುದ್ರೆ ಇರುವ ಪ್ರತಿಯ ಜೆರಾಕ್ಸ್ ಹಚ್ಚಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಒಗೆ ಕೊಡಿ. 1902ಕ್ಕೆ ಫೋನ್ ಮಾಡಿ ರಾಜ್ಯ ಸರ್ಕಾರದ ಜನಸ್ಪಂದನದಲ್ಲಿ ದೂರು ದಾಖಲಿಸಬಹುದು, ಆ ನಂಬರ್ ಬರೆದಿಡಿ. ಶಾಸಕರು ನಡೆಸುವ ತಾಲೂಕಿನ ಕೆಡಿಪಿ, ಅಂದರೆ ಪ್ರಗತಿ ಪರಿಶೀಲನಾ ಸಭೆಯಲ್ಲಿ ನಮ್ಮ ಇಲಾಖೆಯ ಪ್ರಗತಿಯೂ ಬರುತ್ತದೆ. ಅದಕ್ಕೆ ವಾರ ಮುಂಚೆ ನಿಮ್ಮ ಪಂಚಾಯ್ತಿ ಸದಸ್ಯರ ಮೂಲಕ ಒಂದು ಪುಟ ತಲುಪಿಸಿ.

ನಮ್ಮ ಮೂರು ಜಿಲ್ಲೆಯವರಿಗೆ ಒಂದು ಅನುಕೂಲ ಬೇರೆಯವರಿಗಿಲ್ಲ. ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆಯುತ್ತದೆ. ಅಧಿವೇಶನದ ದಿನ ಹೋಗಿ ಧರಣಿಯ ಪೆಂಡಾಲಿನಲ್ಲಿ ಕೂರೋದೂ ಬೇಕು, ಅದು ಸಂಘದ ಕೆಲಸ. ಆದರೆ ತಿಂಗಳು ಮುಂಚೆ ನಿಮ್ಮ ಶಾಸಕರ ಕೈಗೆ "ನಮ್ಮ ತಾಲೂಕಿನಲ್ಲಿ ಸ್ವಂತ ಕಟ್ಟಡ ಇಲ್ಲದ ಅಂಗನವಾಡಿ ಎಷ್ಟು, ಬಾಡಿಗೆ ಬಾಕಿ ಎಷ್ಟು" ಅಂತ ಪ್ರಶ್ನೆಯ ರೂಪದಲ್ಲೇ ಬರೆದುಕೊಡಿ. ಅವರು ಸದನದಲ್ಲಿ ಕೇಳಿದರೆ ಉತ್ತರ ಲಿಖಿತದಲ್ಲಿ ಬರುತ್ತದೆ. ಪೆಂಡಾಲಿನ ಘೋಷಣೆಗೆ ಬಾಯಿ ಮಾತಿನ ಭರವಸೆ ಸಿಗುತ್ತದೆ, ಸದನದ ಪ್ರಶ್ನೆಗೆ ಕಾಗದ ಸಿಗುತ್ತದೆ.

ಯಾವುದೂ ಆಗದಿದ್ದರೆ ಮಾಹಿತಿ ಹಕ್ಕು, 2005ರ ಕಾಯಿದೆ. ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಶಬ್ದದೊಳಗೆ. 30 ದಿನದಲ್ಲಿ ಉತ್ತರ ಬರಬೇಕು, ಬರದಿದ್ದರೆ ಮುಂದಿನ 30 ದಿನದೊಳಗೆ ಮೇಲ್ಮನವಿ. ಕೇಳುವ ರೀತಿ ಗೊತ್ತಿರಬೇಕು. "ಯಾಕೆ ದುರಸ್ತಿ ಮಾಡಿಲ್ಲ" ಅಂತ ಕೇಳಿದರೆ ತಿರಸ್ಕರಿಸುತ್ತಾರೆ, ಕಾರಣ ಹೇಳೋದು ಅವರ ಕೆಲಸ ಅಲ್ಲ, ದಾಖಲೆ ಕೊಡೋದು ಮಾತ್ರ. "ಈ ಕಟ್ಟಡದ ದುರಸ್ತಿಗೆ ಕಳೆದ ಮೂರು ವರ್ಷದಲ್ಲಿ ಮಂಜೂರಾದ ಹಣ, ಖರ್ಚಾದ ಹಣ, ಅಂದಾಜು ಪತ್ರಿಕೆಯ ನಕಲು ಕೊಡಿ" ಅಂತ ಕೇಳಿ. ಇದನ್ನೂ ನೀವು ಹಾಕಬೇಡಿ, ಸಮಿತಿಯ ಒಬ್ಬ ತಾಯಿ ಹಾಕಲಿ.

ಕೆಲವರು "ಇದೆಲ್ಲ ದೊಡ್ಡ ಶಾಲೆ ಏನ್ರಿ, ಊಟ ಹಾಕಿದರೆ ಸಾಕು" ಅನ್ನುತ್ತಾರೆ. ಅಂಥವರಿಗೆ ಹೇಳಲು ಮೂರು ವಿಷಯ ಬಾಯಿಪಾಠ ಮಾಡಿಕೊಳ್ಳಿ. ಆರು ವರ್ಷದೊಳಗಿನ ಎಲ್ಲ ಮಕ್ಕಳ ಆರೈಕೆ, ಶಿಕ್ಷಣಕ್ಕೆ ಸರ್ಕಾರ ಪ್ರಯತ್ನ ಮಾಡಬೇಕು ಅಂತ ಸಂವಿಧಾನದ 45ನೇ ವಿಧಿ ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ 11ನೇ ಸೆಕ್ಷನ್‌ನಲ್ಲಿ ಶಾಲಾಪೂರ್ವ ಶಿಕ್ಷಣದ ಮಾತಿದೆ, ಆದರೆ ಅದು "ಮಾಡಬಹುದು" ಅನ್ನುತ್ತದೆ, "ಮಾಡಲೇಬೇಕು" ಅನ್ನಲ್ಲ, ಜಾಸ್ತಿ ಜಂಬ ಬೇಡ. ಊಟ ಮಾತ್ರ 2013ರ ಆಹಾರ ಭದ್ರತಾ ಕಾಯಿದೆ ಪ್ರಕಾರ ಹಕ್ಕು. ಹಾಗಾಗಿ ಊಟ ಹಾಕೋದನ್ನೂ ಯಾರೂ ಉಪಕಾರ ಅನ್ನೋ ಹಾಗಿಲ್ಲ.

ಹೆಜ್ಜೆ 8: ನಿಮ್ಮ ಸಲುವಾಗಿ ಕೇಳುವಾಗ

ಮಕ್ಕಳ ಸಲುವಾಗಿ ಕೇಳಲು ನಾಚಿಕೆ ಆಗಲ್ಲ, ನಮ್ಮ ಸಲುವಾಗಿ ಕೇಳಲು ಆಗುತ್ತದೆ. ಅಲ್ವಾ? 2018ರ ಅಕ್ಟೋಬರ್‌ನಿಂದ ಕೇಂದ್ರ ತನ್ನ ಲೆಕ್ಕದಲ್ಲಿ ಕಾರ್ಯಕರ್ತೆಗೆ 4,500 ರೂಪಾಯಿ, ಸಹಾಯಕಿಗೆ 2,250 ರೂಪಾಯಿ ಅಂತ ಇಟ್ಟಿತು, ಮಿಕ್ಕದ್ದು ರಾಜ್ಯ ಸೇರಿಸುತ್ತದೆ. ಗೌರವಧನ ಜಾಸ್ತಿ ಮಾಡೋದು ಒಬ್ಬರ ಅರ್ಜಿಯಿಂದ ಆಗಲ್ಲ, ಅದಕ್ಕೆ ಸಂಘ ಬೇಕು. ಯಾವ ಸಂಘ ಅಂತ ನಾನು ಹೇಳಲ್ಲ. ವರ್ಷಕ್ಕೊಮ್ಮೆ ಲೆಕ್ಕ ತೋರಿಸುತ್ತದಾ, ಸಭೆಯಲ್ಲಿ ಸಹಾಯಕಿಯರನ್ನೂ ಮಾತಾಡಲು ಬಿಡುತ್ತದಾ, ಅಷ್ಟು ನೋಡಿ ಸೇರಿ.

ಗ್ರಾಚ್ಯುಟಿ, ಅಂದರೆ ನಿವೃತ್ತಿ ಆದಾಗ ಸಿಗುವ ಇಡುಗಂಟು, ಬೇರೆ ಮಾತು. 2022ರ ಏಪ್ರಿಲ್ 25ರಂದು ಸುಪ್ರೀಂ ಕೋರ್ಟ್, ಗುಜರಾತಿನ ಪ್ರಕರಣವೊಂದರಲ್ಲಿ, ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಕಾಯಿದೆ ಅನ್ವಯಿಸುತ್ತದೆ ಅಂತ ತೀರ್ಪು ಕೊಟ್ಟಿತು. ಕಾಯಿದೆಯ ಲೆಕ್ಕ ಸರಳ: ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕು. ಉದಾಹರಣೆಗೆ ಕೊನೆಯ ತಿಂಗಳು 10,400 ರೂಪಾಯಿ, 30 ವರ್ಷ ಸೇವೆ ಅಂದುಕೊಳ್ಳಿ. 1,80,000 ರೂಪಾಯಿ ಆಗುತ್ತದೆ.

ಈ ಲೆಕ್ಕದಲ್ಲಿ ಎಲ್ಲರೂ ಮುಗ್ಗರಿಸೋದು ಸೇವೆಯ ವರ್ಷ ತೋರಿಸುವಾಗ. ನನಗೆ ಪರಿಚಯದ ಒಬ್ಬ ಹಿರಿಯ ಸಹಾಯಕಿಯ ಹತ್ತಿರ ನೇಮಕಾತಿ ಆದೇಶವೇ ಇರಲಿಲ್ಲ. 1994ರಲ್ಲಿ ಕೊಟ್ಟದ್ದನ್ನು ಗೆದ್ದಲು ತಿಂದಿತ್ತು. ಹಳೆಯ ಹಾಜರಿ ಪುಸ್ತಕ, ತರಬೇತಿಯ ಪತ್ರ, ಬ್ಯಾಂಕ್ ಪಾಸ್‌ಬುಕ್ ಎಲ್ಲ ಹುಡುಕಿ ಹೊಂದಿಸಲು ಎಂಟು ತಿಂಗಳು ಹಿಡಿಯಿತು. ಹಾಗಾಗಿ ಇವತ್ತೇ ನೇಮಕಾತಿ ಆದೇಶ, ಮೊದಲ ಹಾಜರಿಯ ಪುಟ, ಪ್ರತಿ ತರಬೇತಿಯ ಪ್ರಮಾಣಪತ್ರ, ಗೌರವಧನ ಜಮಾ ಆದ ಪಾಸ್‌ಬುಕ್ಕಿನ ಪುಟಗಳನ್ನು ಮೂರು ಕಡೆ ಇಡಿ, ಎರಡೆರಡು ಜೆರಾಕ್ಸ್ ಮಾಡಿಸಿ. ಒಂದು ಮನೆಯ ಟ್ರಂಕಿನಲ್ಲಿ, ಒಂದು ತವರುಮನೆಯಲ್ಲಿ, ಒಂದು ಮೊಬೈಲಿನಲ್ಲಿ ಫೋಟೋ ಆಗಿ. ಸಹಾಯಕಿಯ ಕಾಗದಗಳನ್ನೂ ಅದೇ ದಿನ ಮಾಡಿಸಿಬಿಡಿ. ಜೆರಾಕ್ಸ್ ಅಂಗಡಿಗೆ ಹೇಗೂ ಹೋಗಿರುತ್ತೀರಲ್ಲ, ಅವಳಿಗೆ ಇನ್ನೊಂದು ಬಸ್ ಚಾರ್ಜು ಯಾಕೆ.